ಬಲಕ್ಕೆ ತಿರುಗಿದ ಜೇನುತುಪ್ಪ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಜೇನುತುಪ್ಪ ಬಲಕ್ಕೆ ತಿರುಗಿತು. ತಿರುಗಿದ್ದು ಒಂದು ಡಿಗ್ರಿಗಿಂತ ತುಸು ಹೆಚ್ಚು. ಬೀರವ್ವನ ಕೈಯಿಂದ ನಾಲ್ಕು ಎಕರೆ ಎರೆಹೊಲ ಹೋಗಲು ಅಷ್ಟು ಸಾಕಾಗಿತ್ತು.

1949ರ ಜನವರಿಯ ಕೊನೆಯ ವಾರ, ಏಕಾದಶಿ. ಸ್ಥಳ, ಗದಗಿನ ಒಂದು ಔಷಧಿ ಕಾರ್ಖಾನೆಯ ಹಿಂದಿನ ಕೋಣೆ. ಆ ಕೋಣೆಯಲ್ಲಿ ಒಂದು ಯಂತ್ರವಿತ್ತು. ಮೊಳಕ್ಕಿಂತ ತುಸು ಉದ್ದದ ಹಿತ್ತಾಳೆ ಕೊಳವೆ, ಎರಡೂ ತುದಿಗೆ ಒಂದೊಂದು ಹರಳು, ಕಣ್ಣಿಡುವ ಕಡೆ ಡಿಗ್ರಿಗಳ ಗೆರೆ ಕೊರೆದ ಚಕ್ರ. ಕೆಮ್ಮಿನ ಪಾನಕಕ್ಕೆ ಬರುವ ಸಕ್ಕರೆಯನ್ನೂ ಮುಲಾಮಿಗೆ ಬರುವ ಕರ್ಪೂರವನ್ನೂ ಪರೀಕ್ಷಿಸಲು ಕಾರ್ಖಾನೆಯವರು ಅದನ್ನು ಮುಂಬಯಿಯ ಒಂದು ಹರಾಜಿನಲ್ಲಿ ಕೊಂಡಿದ್ದರು. ನಡೆಸುವವರು ಕೆಮಿಸ್ಟ್ ರಾಘವೇಂದ್ರ, ವಯಸ್ಸು ಇಪ್ಪತ್ತಾರು, ಊರು ಲಕ್ಷ್ಮೇಶ್ವರ. ಜೇನುತುಪ್ಪವನ್ನು ಅವರು ಆ ಯಂತ್ರದಲ್ಲಿ ಹಿಂದೆ ಎಂದೂ ಇಟ್ಟಿರಲಿಲ್ಲ.

ತುಪ್ಪ ಬಂದದ್ದು ಶಿರಹಟ್ಟಿಯ ಒಂದು ಸಣ್ಣ ನರಸಿಂಹ ಗುಡಿಯಿಂದ. ಸಾಂಗ್ಲಿ ಸಂಸ್ಥಾನದ ಕಾಲದಿಂದ ಆ ಗುಡಿಯ ಪಂಚಾಮೃತಕ್ಕೆ ಜೇನುತುಪ್ಪ ಒದಗಿಸುವುದು ಹಿರೇವಡ್ಡಟ್ಟಿಯ ಬೀರವ್ವನ ಮನೆತನದ ಸೇವೆ. ಅದಕ್ಕೆ ಪ್ರತಿಯಾಗಿ ಗುಡ್ಡದ ಬುಡದಲ್ಲಿ ನಾಲ್ಕು ಎಕರೆ ಹೊಲ ಆ ಮನೆತನದ ಸಾಗುವಳಿಗಿತ್ತು. ತಿಂಗಳಿಗೊಮ್ಮೆ ಸಂಸ್ಥಾನದ ಸಿಪಾಯಿ ಬಂದು ಒಂದು ತಂಬಿಗೆ ತುಪ್ಪ ಒಯ್ಯುತ್ತಿದ್ದ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ಸಿಪಾಯಿ ಬರುವುದು ನಿಂತಿತು. ಬೀರವ್ವ ಕಪ್ಪತಗುಡ್ಡದ ಜೇನು ಇಳಿಸಿ ತಿಂಗಳ ಪಾಲನ್ನು ಒಂದೇ ಗಡಿಗೆಗೆ ಸುರಿಯುತ್ತ ಕಾದಳು. ಡಿಸೆಂಬರಿನಲ್ಲಿ ಗುಡಿಯ ಪಂಚರಿಗೆ ಜೇನುತುಪ್ಪದ ನೆನಪಾಯಿತು. ಆಕೆ ಗಡಿಗೆ ಹೊತ್ತು ತಂದು ಬಾಯಿ ಬಿಚ್ಚಿದಾಗ ಒಳಗಿದ್ದದ್ದು ಬೆಳ್ಳಗೆ, ಗಟ್ಟಿಯಾಗಿ, ಹರಳುಹರಳಾಗಿತ್ತು.

ಪಂಚರು ಮೂವರು. ಮುಖ್ಯರು ರಾಮಚಂದ್ರರಾಯರು, ಸಂಸ್ಥಾನದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾರಕೂನರಾಗಿದ್ದವರು. ಎರಡನೆಯವನು ಸೀರೆ ವ್ಯಾಪಾರಿ ಈಶಪ್ಪ. ಮೂರನೆಯವರು ಗುಡಿಯ ಅರ್ಚಕ ಪ್ರಹ್ಲಾದಾಚಾರ್ಯರು. ರಾಮಚಂದ್ರರಾಯರು ಚೂರು ತುಪ್ಪವನ್ನು ಎರಡು ಬೆರಳ ನಡುವೆ ಹೊಸೆದು, "ಇದು ಚಹಾಕ್ಕ ಹಾಕೂ ಸಕ್ಕರಿ," ಎಂದಿದ್ದರು.

ಬೀರವ್ವನ ಉತ್ತರ ಆ ದಿನವೇ ಪೇಟೆಯಲ್ಲೆಲ್ಲ ಓಡಾಡಿತು. "ಸಕ್ಕರಿ ಸಿಕ್ಕಿದ್ರ ನಾನ ತಿಂತಿದ್ದೆನಲ್ರಿ ರಾಯರ. ರೇಶನ್ನಿಗೆ ಪಾಳೆ ಹಚ್ಚಿ ತಂದ ಸಕ್ಕರಿ, ಗುಡ್ಡದಾಗ ಪುಕಟ ಸಿಗೂ ತುಪ್ಪಕ್ಕ ಯಾಕ ಸುರೀಲಿ? ಚಳಿಗೆ ಹೆಪ್ಪಾಗೇತಿ, ಅಷ್ಟ."

ಮಾತಿನಲ್ಲಿ ತೂಕವಿತ್ತು. ಆದರೆ ರಾಮಚಂದ್ರರಾಯರು ಕಾಗದ ನಂಬುವವರು, ಮಾತನ್ನಲ್ಲ. ಅದೇ ಹೊತ್ತಿಗೆ ತಾಲೂಕಿನ ಮಾಮಲೇದಾರ ಕಚೇರಿಯಿಂದ ಪತ್ರ ಬಂದಿತ್ತು: ಸೇವೆಯ ಹೊಲ ಉಣ್ಣುವವರು ಸೇವೆಯನ್ನು ಸರಿಯಾಗಿ ನಡೆಸುತ್ತಿದ್ದಾರೆಯೇ, ಜನವರಿ ಮೂವತ್ತೊಂದರೊಳಗೆ ಮೂವರೂ ಪಂಚರು ಕಣ್ಣಾರೆ ಕಂಡು ಸಹಿ ಮಾಡಿದ ವರದಿ ಬೇಕು. ಇಲ್ಲವೆಂದಾದರೆ ಹೊಲ ಬೇರೆಯವರಿಗೆ. ರಾಯರು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಅರಗು ಹಾಕಿ, ಮುದ್ರೆ ಒತ್ತಿ, ಗದಗಿನ ಕೆಮಿಸ್ಟರಿಗೆ ಪತ್ರ ಬರೆದರು.

ಹೀಗೆ ಮೂವರು ಪಂಚರೂ ಒಂದು ಗಡಿಗೆಯೂ ಬೆಳಗಿನ ಬಸ್ಸಿಗೆ ಗದಗಿಗೆ ಬಂದಿದ್ದರು. ಬೀರವ್ವ ಮುಂಡರಗಿಯ ಮೇಲೆ ಬೇರೆ ಬಸ್ಸಿನಲ್ಲಿ ಬಂದಿದ್ದಳು.

ಯಂತ್ರಕ್ಕೆ ಕತ್ತಲೆ ಬೇಕು. ಕೋಣೆಯ ಎರಡು ಕಿಟಕಿಗಳಲ್ಲಿ ಒಂದಕ್ಕಷ್ಟೇ ಕರಿಪರದೆ ಇತ್ತು. ಇನ್ನೊಂದರದನ್ನು ಇಲಿ ಕಡಿದಿತ್ತು. ಜವಾನ ಕರೀಮಸಾಬ ಅತ್ತಿತ್ತ ನೋಡಿ, "ಅವ್ವಾ, ನಿನ್ನ ಕಂಬಳಿ ಕೊಡ್ತಿಯೇನು?" ಎಂದ.

"ನನ್ನ ತುಪ್ಪ ನೋಡಾಕ ನನ್ನ ಕಂಬಳೀನ?" ಎಂದಳು ಬೀರವ್ವ. ಕೊಟ್ಟಳು. ಕಂಬಳಿ ಕಿಟಕಿ ಏರಿತು.

ರಾಘವೇಂದ್ರ ಸ್ಪಿರಿಟ್ ದೀಪ ಹಚ್ಚಿ ಜ್ವಾಲೆಗೆ ಉಪ್ಪು ಹಿಡಿದರು. ಕೋಣೆ ಅರಿಸಿನದ ಬಣ್ಣಕ್ಕೆ ಬಂತು. ಎಲ್ಲರ ಮುಖವೂ ಮದುವೆಯ ಹಿಂದಿನ ದಿನದ ಮುಖದಂತೆ ಕಂಡಿತು.

"ತಿರುಗತೈತಿ ಅಂತೀರಲ್ಲ, ತುಪ್ಪ ತಿರುಗೂದು ಹ್ಯಾಂಗ್ರಿ? ಗಿರಣಿ ಕಲ್ಲಿನಂಗ?" ಎಂದು ಈಶಪ್ಪ ಕೇಳಿದ.

"ತುಪ್ಪ ಅಲ್ಲ, ಬೆಳಕು ತಿರುಗ್ತದ," ಎಂದರು ರಾಘವೇಂದ್ರ. " ನೀವು ಸೀರಿ ವ್ಯಾಪಾರದವರು. ಮಗ್ಗದಾಗ ನೂಲು ಹಾಯೂ ಹಲ್ಲಿನ ಹಣಿಗಿ ನೋಡೀರಿಲ್ಲೋ?"

"ನಾ ಹುಟ್ಟಿದ್ದ ಬೆಟಗೇರ್ಯಾಗ. ತೊಟ್ಟಲಾಗಿದ್ದಾಗ ನೋಡೀನಿ."

"ಈ ಮೊದಲನೇ ಹರಳು ಒಂದು ಹಣಿಗಿ ಅಂತ ತಿಳೀರಿ. ಬೆಳಕು ಎಲ್ಲಾ ದಿಕ್ಕಿಗೂ ಅಲಗಾಡ್ಕೋತ ಬರ್ತದ. ಹಣಿಗಿ ಸಂದಿಗೆ ಹೊಂದೂ ಒಂದ ದಿಕ್ಕಿನ ಅಲಗಾಟ ಅಷ್ಟ ದಾಟ್ತದ. ಆಮ್ಯಾಲೆ ನಡುವ ಸಕ್ಕರಿ ನೀರು ಇಟ್ರ ಆ ದಿಕ್ಕು ಸ್ವಲ್ಪ ಹೊರಳಿ ವಾರಿ ಆಗ್ತದ. ಈ ಕಡೆ ಎರಡನೇ ಹಣಿಗಿ ಅದ. ಎಷ್ಟು ತಿರುಗಿಸಿದ್ರ ಹೊಂದ್ತದ ಅನ್ನೂದು ಲೆಕ್ಕ."

ಮೊದಲು ಬರಿ ನೀರು ಇಟ್ಟರು, ಸೊನ್ನೆ. ಆಮೇಲೆ ಇಪ್ಪತ್ತಾರು ಗ್ರಾಮ್ ಸಕ್ಕರೆ ಕರಗಿಸಿದ ನೀರು ಇಟ್ಟರು. ಬಲಕ್ಕೆ ಮೂವತ್ತನಾಲ್ಕೂವರೆ ಡಿಗ್ರಿ. "ಸಕ್ಕರಿ ಯಾವಾಗಲೂ ಬಲಕ್ಕ. ಚಲೋ ಜೇನತುಪ್ಪ ಎಡಕ್ಕ ಹೋಗಬೇಕು," ಎಂದರು ರಾಘವೇಂದ್ರ.

ರಾಮಚಂದ್ರರಾಯರಿಗೆ ಇದು ಸರಿಬರಲಿಲ್ಲ. "ಅಂದ್ರ ಸಕ್ಕರಿ ಪ್ರದಕ್ಷಿಣಿ ಹಾಕ್ತದ, ದೇವರ ತುಪ್ಪ ಅಪ್ರದಕ್ಷಿಣಿ ಹಾಕ್ತದ?"

"ಹಂಗ ಆತ್ರಿ ರಾಯರ," ಎಂದ ಈಶಪ್ಪ. "ಶಾಸ್ತ್ರದ ಪ್ರಕಾರ ಪಂಚಾಮೃತಕ್ಕ ಕಲಬೆರಕಿನ ಶ್ರೇಷ್ಠ."

ಹನ್ನೊಂದು ಗಂಟೆಗೆ ಮುದ್ರೆ ಒಡೆದು, ಅಷ್ಟೇ ತೂಕದ ತುಪ್ಪವನ್ನು ತಣ್ಣೀರಿನಲ್ಲಿ ಕರಗಿಸಿ, ಸೋಸಿ, ಗಾಜಿನ ಕೊಳವೆಗೆ ತುಂಬಿದರು. ಗಡಿಗೆಯ ಬಾಯಿ ಮತ್ತೆ ಕಟ್ಟಿ ರಾಯರು ಮತ್ತೆ ಮುದ್ರೆ ಒತ್ತಿದರು. ಹತ್ತು ನಿಮಿಷಕ್ಕೆ ರಾಘವೇಂದ್ರ ಕಣ್ಣಿಟ್ಟು ಚಕ್ರ ತಿರುವಿದರು. ದುಂಡನೆಯ ಹಳದಿ ಬೆಳಕು ಎರಡು ಹೋಳಾಗಿ ಕಾಣುತ್ತದೆ. ಎರಡೂ ಹೋಳು ಒಂದೇ ಸಮ ಆದಲ್ಲಿ ಚಕ್ರ ನಿಲ್ಲಿಸಿ ಅಂಕಿ ಓದಬೇಕು. ಅಂಕಿ ಬಲಕ್ಕೆ ಒಂದು ಪಾಯಿಂಟ್ ಒಂದು ಎಂದಿತ್ತು.

ರಾಮಚಂದ್ರರಾಯರು ನೋಡಿ ತಲೆಯಾಡಿಸಿದರು. ಹನ್ನೊಂದೂಕಾಲಿಗೆ ಈಶಪ್ಪ ನೋಡಿದ. "ಒಂದು ಹೋಳು ಸ್ವಲ್ಪ ಮಬ್ಬು ಐತ್ರಿ."

"ಹೊಸದಾಗಿ ನೋಡವರಿಗೆ ಹಂಗ ಅನಸ್ತದ. ಕಣ್ಣು ಮಿಟಕಿಸಿ ನೋಡ್ರಿ," ಎಂದರು ರಾಘವೇಂದ್ರ.

ಈಶಪ್ಪ ಕಣ್ಣು ಮಿಟುಕಿಸಿದ. ಮಬ್ಬು ಹಾಗೇ ಇತ್ತು. ಓದು ಬಲ್ಲವರು ಹೇಳಿದ ಮೇಲೆ ಕಣ್ಣಿನದೇ ತಪ್ಪಿರಬೇಕೆಂದು ಸುಮ್ಮನಾದ. ರಾಘವೇಂದ್ರ ಬರೆದುಕೊಟ್ಟರು: 'ತುಪ್ಪ ಬಲಕ್ಕೆ ತಿರುಗಿಸುತ್ತದೆ. ಶುದ್ಧವಲ್ಲ.' ಅವರ ಸಹಿ, ರಾಯರ ಸಹಿ, ಈಶಪ್ಪನ ಸಹಿ ಬಿದ್ದವು. ಹನ್ನೊಂದು ಇಪ್ಪತ್ತಕ್ಕೆ ಲೇಖನಿ ಪ್ರಹ್ಲಾದಾಚಾರ್ಯರ ಮುಂದೆ ಬಂತು.

ಅವರು ಮುಟ್ಟಲಿಲ್ಲ. "ನಾನಿನ್ನೂ ನೋಡಿಲ್ಲ."

"ನೋಡ್ರಿ ಮತ್ತ."

"ಹ್ಯಾಂಗ ನೋಡ್ಲಿ ರಾಮಚಂದ್ರ? ಬಸ್ಸಿನ್ಯಾಗ ಬಂದೇನಿ. ನನ್ನ ಮಗ್ಗಲಿಗೆ ಕೂತಾಂವ ದಾರಿ ತುಂಬ ನನ್ನ ಹೆಗಲ ಮ್ಯಾಲೆ ನಿದ್ದಿ ಮಾಡ್ಯಾನ. ದೇವರ ಪದಾರ್ಥಕ್ಕ ಸಾಕ್ಷಿ ಅಂದ್ರ ಮಡೀಲೆ ನೋಡಬೇಕು. ಬೆಟಗೇರ್ಯಾಗ ನಮ್ಮ ತಂಗಿ ಪದ್ಮಾನ ಮನಿ ಅದ. ಸ್ನಾನ ಮಾಡಿ ಬರ್ತೇನಿ. ನಾ ಬರೂತನಾ ಅದನ್ನ ಚೆಲ್ಲಬ್ಯಾಡ್ರಿ."

"ಜಲ್ದಿ ಬರ್ರಿ. ನಾಲ್ಕಕ್ಕ ಶಿರಹಟ್ಟಿ ಬಸ್ಸು," ಎಂದರು ರಾಯರು. ಕಾಗದ ಮಡಚಿ ಕೋಟಿನ ಕಿಸೆಗೆ ಇಟ್ಟುಕೊಂಡು ಈಶಪ್ಪನೊಂದಿಗೆ ಪೇಟೆಗೆ ಹೋದರು.

ಬೀರವ್ವ ಎದ್ದು ನಿಂತಳು. "ನನ್ನ ಕಂಬಳಿ ಕೊಟ್ರ ನಾ ಹೊಕ್ಕೀನಿ."

"ಆಚಾರ್ರು ನೋಡೂತನಾ ಕಿಟಕಿಗೆ ಬೇಕವ್ವಾ," ಎಂದ ಕರೀಮಸಾಬ.

ಆಕೆ ಮತ್ತೆ ಕುಳಿತಳು. ರಾಘವೇಂದ್ರರಿಗೆ ಏನಾದರೂ ಹೇಳಬೇಕೆನಿಸಿತು. "ಬ್ಯಾಸರ ಮಾಡ್ಕೋಬ್ಯಾಡವ್ವಾ. ಯಂತ್ರ ಸುಳ್ಳು ಹೇಳೂದಿಲ್ಲ."

"ಯಂತ್ರಕ್ಕ ಬಾಯಿ ಎಲ್ಲೈತ್ರಿ ಮಾಸ್ತರ? ಹೇಳಿದಾವ್ರು ನೀವು."

ರಾಘವೇಂದ್ರ ಫಲಾಹಾರಕ್ಕೆ ಹೋದರು.

ಕರೀಮಸಾಬನ ನಿಯಮ ಬೇರೆ. ಸಕ್ಕರೆ ತುಂಬಿದ ಕೊಳವೆಯನ್ನು ಅರ್ಧ ತಾಸು ಬಿಟ್ಟರೆ ಕೋಣೆಗೆ ಇರುವೆ ಹತ್ತುತ್ತದೆ, ಆದ್ದರಿಂದ ಕೆಲಸವಾದ ಕೂಡಲೇ ಆತ ತೊಳೆದಿಡುತ್ತಿದ್ದ. ಅಂದು ತೊಳೆಯುವಂತಿರಲಿಲ್ಲ. ಕೊಳವೆಯನ್ನು ಯಂತ್ರದಿಂದ ತೆಗೆದು, ನೀರು ತುಂಬಿದ ತಾಟಿನ ನಡುವೆ ಬಟ್ಟಲು ಡಬ್ಬುಹಾಕಿ ಅದರ ಮೇಲೆ ಮಲಗಿಸಿದ. ಚಕ್ರವನ್ನು ಮುಟ್ಟಲಿಲ್ಲ. ಬಾಗಿಲ ಬಳಿ ಬೀರವ್ವನ ಎದುರಿಗೆ ಕುಳಿತು ಗುಡ್ಡದ ಮಳೆಯ ಖಬರು ಕೇಳಿದ.

ಬೆಟಗೇರಿಯಲ್ಲಿ ಸ್ನಾನ ಹತ್ತು ನಿಮಿಷದಲ್ಲಿ ಆಯಿತು. ಮಡಿಪಂಚೆ ಆಗಲಿಲ್ಲ. ಪದ್ಮಾಬಾಯಿಯ ಮನೆಯಲ್ಲಿ ಗಂಡಸರ ಮಡಿಪಂಚೆ ಇದ್ದದ್ದು ಒಂದೇ, ಅದನ್ನು ಆಕೆಯ ಯಜಮಾನರು ಉಟ್ಟು ಮಠಕ್ಕೆ ಹೋಗಿದ್ದರು. ಆಕೆ ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು, ಬಾವಿಯ ನೀರಲ್ಲಿ ಹಿಂಡಿ, ಯಾರೂ ಮುಟ್ಟದಂತೆ ಕೋಲಿನಿಂದ ಎತ್ತರದ ಗಳಕ್ಕೆ ಹರವಿದಳು. ದಪ್ಪ ನೂಲಿನ ಪಂಚೆ, ಜನವರಿಯ ಬಿಸಿಲು. ಎರಡು ತಾಸು ಆಚಾರ್ಯರು ಒದ್ದೆ ಪಂಚೆ ಉಟ್ಟು ಹಿತ್ತಲ ಕಲ್ಲಿನ ಮೇಲೆ ಕುಳಿತು ಗಳವನ್ನೇ ನೋಡಿದರು.

"ಅಣ್ಣಾ, ಅರ್ಧ ಆರೇದ, ಉಟ್ಕೊಂಡು ಹೋಗು. ನಾಲ್ಕಕ್ಕ ಬಸ್ಸಂತ," ಎಂದಳು ಪದ್ಮಾಬಾಯಿ.

"ಅರ್ಧ ಮಡಿ ಅಂತ ಇರ್ತದೇನ ಪದ್ಮಾ?"

ಎರಡು ಮುಕ್ಕಾಲಿಗೆ ಅವರು ಕಾರ್ಖಾನೆಗೆ ಬಂದರು. ಕರೀಮಸಾಬ ಓಣಿಯಿಂದಲೇ ಮುಂದೆ ಮುಂದೆ ಓಡಿ, "ಸರೀರಿ, ಸರೀರಿ, ಆಚಾರ್ರು ಮಡೀಲೆ ಬಂದಾರ," ಎಂದು ಜನರನ್ನು ಗೋಡೆಗೆ ಒತ್ತರಿಸಿದ. ರಾಯರೂ ಈಶಪ್ಪನೂ ಬಂದು ಕಾಯುತ್ತಿದ್ದರು. ರಾಘವೇಂದ್ರ ಕೊಳವೆಯನ್ನು ಯಂತ್ರದಲ್ಲಿಟ್ಟು ದೀಪ ಹಚ್ಚಿದರು. ಆಚಾರ್ಯರು ಎರಡೂ ಕೈ ಬೆನ್ನಿಗೆ ಕಟ್ಟಿ, ಹಿತ್ತಾಳೆಗೆ ರೆಪ್ಪೆ ತಾಗದಂತೆ ಅರ್ಧ ಇಂಚು ದೂರದಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಒಂದು ಹೋಳು ಹಳದಿ, ಒಂದು ಹೋಳು ಕರ್ರಗ ಅದ."

"ಕಣ್ಣು ಮಿಟಕಿಸಿ ನೋಡ್ರಿ ಆಚಾರ್ಯರ."

"ಮಿಟಕಿಸಿದೆ. ಐವತ್ತು ವರ್ಷ ನಂದಾದೀಪದ ಬೆಳಕಿನ್ಯಾಗ ಅಲಂಕಾರ ಮಾಡೇನಿ. ಕಪ್ಪಂದ್ರ ಕಪ್ಪು."

ಈಶಪ್ಪ ಮೆಲ್ಲಗೆ ಹೇಳಿದ, "ನನಗೂ ಮುಂಜಾನೆ ಹಂಗ ಕಂಡಿತ್ತು."

ರಾಘವೇಂದ್ರ ಬಗ್ಗಿ ನೋಡಿದರು. ಹೋಳು ಕಪ್ಪಾಗಿಯೇ ಇತ್ತು. ಚಕ್ರ ತಿರುವಿದರು. ಸೊನ್ನೆ ದಾಟಿತು. ಎರಡು ಹೋಳು ಸಮನಾದಾಗ ಅಂಕಿ ಎಡಕ್ಕೆ ನಾಲ್ಕು ಪಾಯಿಂಟ್ ಮೂರು.

"ಇದು ಎಡಕ್ಕ ಹೋಗೇದ," ಎಂದರು.

"ಕೊಳವಿ ಬದಲಿ ಆಗೇದ," ಎಂದರು ರಾಮಚಂದ್ರರಾಯರು, ಕರೀಮಸಾಬನನ್ನೂ ಬೀರವ್ವನನ್ನೂ ನೋಡಿ.

ಕರೀಮಸಾಬನಿಗೆ ಸಿಟ್ಟು ಬಂತು. "ಇರವಿ ಸೈತ ಮುಟ್ಟಿಲ್ರಿ ಸಾಹೇಬ್ರ. ತಾಟು ನೋಡ್ರಿ."

"ಗಡಿಗಿ ಮ್ಯಾಲೆ ಮುದ್ರಿ ನಿಮ್ಮದ ಐತಲ್ರಿ," ಎಂದಳು ಬೀರವ್ವ. "ಮತ್ತೊಮ್ಮೆ ತಗೀರಿ. ಕಂಬಳಿ ಹೆಂಗೂ ಕಿಟಕಿ ಮ್ಯಾಲೈತಿ."

ಮುದ್ರೆ ಸರಿಯಾಗಿತ್ತು. ಮೂರು ಗಂಟೆ ಐದು ನಿಮಿಷಕ್ಕೆ ಎರಡನೆಯ ಸಲ ತುಪ್ಪ ನೀರಿಗೆ ಬಿತ್ತು. ಈ ಸಲ ರಾಯರು ಸರಪಳಿ ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಯಂತ್ರದ ಪಕ್ಕದಲ್ಲೇ ನಿಂತರು. ಹತ್ತನೆಯ ನಿಮಿಷಕ್ಕೆ ರಾಘವೇಂದ್ರ ಓದಿದರು: ಬಲಕ್ಕೆ ಒಂದು ಪಾಯಿಂಟ್ ಒಂದು. ಬೆಳಿಗ್ಗೆ ಬಂದದ್ದೇ.

"ನಾ ಹೇಳಿದ್ದಿಲ್ಲೇನು?" ಎಂದರು ರಾಯರು.

ರಾಘವೇಂದ್ರ ಯಂತ್ರದಿಂದ ಕಣ್ಣು ತೆಗೆದಿರಲಿಲ್ಲ. ಸಮನಾಗಿದ್ದ ಎರಡು ಹೋಳುಗಳಲ್ಲಿ ಒಂದು, ಯಾರೂ ಏನೂ ಮುಟ್ಟದಿದ್ದರೂ, ಕಣ್ಣೆದುರಿಗೇ ಮಬ್ಬಾಗುತ್ತಿತ್ತು. ಅವರಿಗೆ ಕಾಲೇಜಿನ ಪುಸ್ತಕದ ಒಂದು ಸಾಲು ನೆನಪಿಗೆ ಬಂತು. ಜೇನಿನ ಬಗ್ಗೆ ಇದ್ದ, ಕೆಂಪು ಪೆನ್ಸಿಲಿನಿಂದ ಅವರೇ ಗೆರೆ ಎಳೆದ ಸಾಲು. ಕಬ್ಬಿನ ಸಕ್ಕರೆ ಮುಂಜಾನೆ ತೋರಿಸಿದ್ದನ್ನೇ ಸಂಜೆಗೂ ತೋರಿಸುತ್ತದೆ. ಎರಡು ವರ್ಷ ಕಬ್ಬಿನ ಸಕ್ಕರೆಯನ್ನೇ ನೋಡಿ ಆ ಸಾಲನ್ನು ಮರೆತಿದ್ದರು.

"ರಾಯರ, ಬಸ್ಸು ಬಿಡ್ರಿ. ಎರಡು ನಿಮಿಷಕ್ಕೊಮ್ಮೆ ಹೊತ್ತು ಹೇಳ್ರಿ. ನಾ ಅಂಕಿ ಹೇಳ್ತೇನಿ, ನೀವ ಬರ್ಕೋರಿ."

ಹೊತ್ತು ಮತ್ತು ಅಂಕಿ ಬರೆಯುವ ಕೆಲಸವನ್ನು ಕೊಟ್ಟರೆ ರಾಮಚಂದ್ರರಾಯರು ಒಲ್ಲೆ ಎನ್ನುವವರಲ್ಲ. ಕಾಗದಕ್ಕೆ ಎರಡು ಕಾಲಂ ಎಳೆದರು. ಮೂರು ಹದಿನೇಳು, ಸೊನ್ನೆ ಪಾಯಿಂಟ್ ಒಂಬತ್ತು. ಮೂರು ಹತ್ತೊಂಬತ್ತು, ಸೊನ್ನೆ ಪಾಯಿಂಟ್ ಎಂಟು. ಅಂಕಿ ಇಳಿಯುತ್ತ ಹೋದಂತೆ ರಾಯರ ಅಕ್ಷರ ದುಂಡಗಾಗುತ್ತ ಹೋಯಿತು. ಈಶಪ್ಪ ನಡುನಡುವೆ ಬಗ್ಗಿ ನೋಡಿ, "ಮಬ್ಬು ಐತಿ, ಮಬ್ಬು ಐತಿ," ಎನ್ನುತ್ತ ತನ್ನ ಕಣ್ಣಿನ ಮಾನ ಉಳಿದದ್ದಕ್ಕೆ ಸಂತೋಷಪಟ್ಟ. ಮೂರು ಇಪ್ಪತ್ತೊಂಬತ್ತಕ್ಕೆ ಅಂಕಿ ಸೊನ್ನೆಗೆ ಬಂತು. ಮೂರು ಮೂವತ್ತೊಂದಕ್ಕೆ ಎಡಕ್ಕೆ ಹೋಯಿತು.

"ಇದು ಯಾಕ ಹಿಂಗ?" ಎಂದರು ಪ್ರಹ್ಲಾದಾಚಾರ್ಯರು, ದೂರ ಗೋಡೆಯ ಬಳಿ ತಮ್ಮ ಉಣ್ಣೆಯ ಧಾಬಳಿಯ ಮೇಲೆ ಕುಳಿತು.

"ಚಳಿಗೆ ಹರಳಾಗೂದು ಜೇನಿನ್ಯಾಗಿನ ಒಂದು ಥರದ ಸಕ್ಕರಿ. ಅದು ಕಬ್ಬಿಂದಲ್ಲ, ಹೂವಿಂದು. ಹರಳು ಇದ್ದಾಗ ಅದರದೊಂದು ರೂಪ. ಆಗಿಂದಾಗ ನೀರಿಗೆ ಹಾಕಿದ್ರ ಅದ ರೂಪದಾಗ ಇರ್ತದ, ಬೆಳಕನ್ನ ಬಲಕ್ಕ ಜೋರಾಗಿ ಎಳೀತದ. ನೀರಿನ್ಯಾಗ ಕೂತಂಗ ಸಾವಕಾಶ ರೂಪ ಬದಲಿ ಮಾಡ್ತದ, ಆ ಜೋರು ಇಳೀತದ, ಜೇನಿನ್ಯಾಗ ಎಡಕ್ಕ ಎಳಿಯೂ ಇನ್ನೊಂದು ಸಕ್ಕರಿ ಗೆಲ್ತದ. ಎರಡು-ಮೂರು ತಾಸು ಬೇಕು."

"ಅಳಿಯ ಮಾವನ ಮನಿಗೆ ಬಂದಂಗ," ಎಂದ ಈಶಪ್ಪ. "ಮೊದಲ ತಾಸು ನೆಟ್ಟಗ ಕುಂಡ್ರತಾನ. ಆಮ್ಯಾಲೆ ಒರಗಾಕ ಲೋಡು ಬೇಡ್ತಾನ. ಅಳಿಯ ಅಂವನ."

"ರಾತ್ರಿ ನೆನಿಸಿಟ್ಟು ಮುಂಜಾನೆ ನೋಡಬೇಕು, ಇಲ್ಲಾ ಒಂದು ಹನಿ ಅಮೋನಿಯಾ ಹಾಕಬೇಕು ಅಂತ ಪುಸ್ತಕದಾಗ ಅದ. ನಾ ಮಾಡಲಿಲ್ಲ. ತಪ್ಪು ತುಪ್ಪದ್ದಲ್ಲ, ನಂದು." ರಾಘವೇಂದ್ರ ಇದನ್ನು ಬೀರವ್ವನ ಕಡೆ ತಿರುಗಿ ಹೇಳಿದರು.

ಬೀರವ್ವ ಯಂತ್ರದ ಕಡೆ ಕೈ ಮಾಡಿದಳು. "ನಾ ಮೊದಲ ಹೇಳಿದ್ನಿ, ಚಳಿಗೆ ಹೆಪ್ಪಾಗೇತಿ ಅಂತ. ಅದನ್ನ ಹೇಳಾಕ ಇದಕ್ಕ ಇಷ್ಟೊತ್ತು ಬೇಕಾತೇನು?"

ರಾಯರು ಕಿಸೆಯಿಂದ ಬೆಳಗಿನ ಕಾಗದ ತೆಗೆದರು. ಈಶಪ್ಪ ಹರಿಯಲು ಕೈ ಚಾಚಿದ. ರಾಯರು ಕೊಡಲಿಲ್ಲ; ಮೂವತ್ತೊಂದು ವರ್ಷದಲ್ಲಿ ಅವರು ಒಂದೂ ಕಾಗದ ಹರಿದವರಲ್ಲ. ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು, ಹೊತ್ತು ಹಾಕಿ, ಹೊಸ ವರದಿಗೆಂದು ತೆಗೆದ ಕಾಗದದ ಹಿಂದೆ ಗುಂಡುಸೂಜಿಯಿಂದ ಚುಚ್ಚಿದರು.

ಹೊಸದಕ್ಕೆ ಮೊದಲ ಸಹಿ ಪ್ರಹ್ಲಾದಾಚಾರ್ಯರದು. ಲೇಖನಿ ಹಿಡಿಯುವ ಮುನ್ನ ಅವರು ಒಂದು ಮಾತು ಕೇಳಿದರು. "ಬರೀವಾಗ 'ಎಡಕ್ಕ' ಅಂತ ಬರೀಲೇಬೇಕೇನು? 'ಸರಿಯಾದ ದಿಕ್ಕಿಗೆ' ಅಂದ್ರ ನಡ್ಯೂದಿಲ್ಲೇನು?"

"ನಡ್ಯೂದಿಲ್ರಿ," ಎಂದರು ರಾಘವೇಂದ್ರ.

"ಹಂಗಾರ ಬರೀರಿ. ದೇವರಿಗೆ ಗೊತ್ತಿದ್ದದ್ದ ಅದ."

ರಾಯರು ತಮ್ಮ ಸಹಿ ಮುಗಿಸಿ ಬೀರವ್ವನ ಕಡೆ ನೋಡದೆ ಕೇಳಿದರು. "ತಿಂಗಳಾ ತಿಂಗಳಾ ಒಯ್ದಿದ್ರ ಹಿಂಗ ಹೆಪ್ಪಾಗ್ತಿದ್ದಿಲ್ಲ, ಹೌದಲ್ಲೋ?"

"ಹೌದ್ರಿ. ಒಯ್ಯಾಕ ಯಾರೂ ಬರಲಿಲ್ಲ. ನಾ ಮಾರ್ಚಿನಿಂದ ದಾರಿ ನೋಡೀನಿ."

ನಾಲ್ಕು ಗಂಟೆಯ ಶಿರಹಟ್ಟಿ ಬಸ್ಸು ಹೋಗಿತ್ತು. ಪಂಚರು ಆ ರಾತ್ರಿ ಬೆಟಗೇರಿಯಲ್ಲಿ ಉಳಿದರು. ಕರೀಮಸಾಬ ಕಿಟಕಿ ಏರಿ ಕಂಬಳಿ ಬಿಚ್ಚಿ, ಜೇಡರ ಬಲೆ ಕೊಡವಿ ಬೀರವ್ವನಿಗೆ ಕೊಟ್ಟ. ಆಕೆ ಅದನ್ನು ಹೊದ್ದು ಐದರ ಮುಂಡರಗಿ ಬಸ್ಸು ಹತ್ತಿದಳು.

ಮರುದಿನ ರಾಘವೇಂದ್ರ ತುಪ್ಪ ಕರಗಿಸಿ ಉಳಿದ ನೀರಿಗೆ ಆಮ್ಲ ಹಾಕಿ, ಬಿಸಿಮಾಡಿ, ಇನ್ನೊಮ್ಮೆ ಅಳೆದರು. ಕಬ್ಬಿನ ಸಕ್ಕರೆ ಬೆರೆತಿದ್ದರೆ ಅಂಕಿ ಇನ್ನೂ ದೂರ ಎಡಕ್ಕೆ ಓಡಬೇಕಿತ್ತು. ಓಡಲಿಲ್ಲ. ಅದನ್ನೂ ಬರೆದು ಅಂಚೆಗೆ ಹಾಕಿದರು.

ವರದಿ ಜನವರಿ ಮೂವತ್ತೊಂದರಂದು ಮಾಮಲೇದಾರ ಕಚೇರಿ ಮುಟ್ಟಿತು. ಹೊಲ ಬೀರವ್ವನಲ್ಲೇ ಉಳಿಯಿತು. ಫೆಬ್ರುವರಿಯ ಮೊದಲ ಸೋಮವಾರ ರಾಮಚಂದ್ರರಾಯರು ತಾವೇ ಒಂದು ತಂಬಿಗೆ ಹಿಡಿದು ಹಿರೇವಡ್ಡಟ್ಟಿಗೆ ಹೋದರು.